ಭಟ್ಕಳದ ನೆರೆ: ನೀರು ಒಮ್ಮೆಲೇ ಏರಿದ್ದೇಕೆ?

ಭಟ್ಕಳ: 2022ರ ಆಗಸ್ಟ್ 2ರ ಬೆಳಗ್ಗೆವರೆಗಿನ 24 ತಾಸಲ್ಲಿ ಇಲ್ಲಿ 500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯಿತು. ಮುಟ್ಟಳ್ಳಿಯಲ್ಲಿ ಮನೆ ಮೇಲೆ ಗುಡ್ಡ ಕುಸಿದು ನಾಲ್ವರು ಮೃತಪಟ್ಟರು. ಪೇಟೆಯ ಅಂಗಡಿಗಳಿಗೆ ನೀರು ನುಗ್ಗಿತು, ಹೆದ್ದಾರಿ ಸಂಚಾರ ಅಸ್ತವ್ಯಸ್ತವಾಯಿತು.

ಇಲ್ಲಿ ಘಟ್ಟಕ್ಕೂ ಕಡಲಿಗೂ ದೂರ ಕಡಿಮೆ. ಮೇಲೆ ಬಿದ್ದ ಮಳೆ ಕೆಲವೇ ತಾಸಲ್ಲಿ ತಗ್ಗಿಗೆ ಇಳಿಯುತ್ತೆ. ಅದೇ ಹೊತ್ತಿಗೆ ಕಡಲು ಉಬ್ಬರದಲ್ಲಿದ್ದರೆ ಹೊಳೆ ನೀರು ಅಳಿವೆ ದಾಟಲ್ಲ, ಹಿಂದಕ್ಕೇ ಏರುತ್ತೆ. ಹೊಳೆಯಲ್ಲಿ ಹೂಳು, ಚರಂಡಿಯಲ್ಲಿ ಕಸ ತುಂಬಿದ್ದರಂತೂ ಕೇಳೋದೇ ಬೇಡ. ಬುಡ ಅಗೆದ ಗುಡ್ಡ ನೆನೆದಾಗ ಕುಸಿಯುವ ಅಪಾಯ ಹೆಚ್ಚು.

ಹಾಗಾಗಿ ರೆಡ್ ಅಲರ್ಟ್ ದಿನ ಅಂಗಡಿ ಮುಚ್ಚುವ ಮುನ್ನವೇ ಮಾಲು ಅಟ್ಟಕ್ಕೇರಿಸಿ, ಮೇನ್ ಸ್ವಿಚ್ ಆಫ್ ಮಾಡಿ. ಗುಡ್ಡದ ಬುಡದಲ್ಲಿ ಮನೆ ಇರುವವರು ಸಂಜೆಯೇ ಬೇರೆಡೆ ಹೋಗಿ. ರಾತ್ರಿ ಎಚ್ಚರವಾಗುವಷ್ಟರಲ್ಲಿ ತಡವಾಗಿರುತ್ತೆ.