ಕತ್ತರಿಸಿದ ತಾಳ, ಕಳೆದುಹೋದ ಕೈ: ಕೃಷ್ಣಾ–ಘಟಪ್ರಭೆಯ ನಡುನಾಡಿನಿಂದ ಬ್ರೇಕ್‌ಬೀಟ್ ಆಲ್ಬಂಗಳ ಸಮೀಕ್ಷೆ

ಹಾಡೊಂದರ ನಡುವೆ ಕಂಠವೂ ಉಳಿದ ವಾದ್ಯಗಳೂ ಸುಮ್ಮನಾಗಿ ಡ್ರಮ್ಮಿನ ನುಡಿತವೊಂದೇ ಉಳಿಯುವ ಕೆಲವು ಕ್ಷಣಗಳ ಭಾಗವನ್ನು ಅಮೆರಿಕದ ವಾದಕರು ಬ್ರೇಕ್ ಎನ್ನುತ್ತಾರೆ. ಆ ಭಾಗವನ್ನು ಧ್ವನಿಮುದ್ರಿಕೆಯಿಂದ ಕತ್ತರಿಸಿ ತೆಗೆದು, ಸುತ್ತುಸುತ್ತಾಗಿ ಮರಳಿ ನುಡಿಸಿ, ಅದರ ಪೆಟ್ಟುಗಳನ್ನು ಬಿಡಿಬಿಡಿಯಾಗಿಸಿ ಬೇರೆ ಕ್ರಮದಲ್ಲಿ ಜೋಡಿಸಿ ಕಟ್ಟುವ ಸಂಗೀತಕ್ಕೆ ಬ್ರೇಕ್‌ಬೀಟ್ ಎಂಬ ಹೆಸರು ಬಂದಿದೆ. ಈ ವಿವರಣೆ ದೂರದ ದೇಶದ್ದೆಂದು ತೋರಿದರೂ, ಗಣೇಶ ವಿಸರ್ಜನೆಯ ಮೆರವಣಿಗೆಯಲ್ಲಿ, ಜಾತ್ರೆಯಲ್ಲಿ, ಕಬ್ಬಿನ ಹಂಗಾಮಿನ ಟ್ರ್ಯಾಕ್ಟರುಗಳ ಸೌಂಡ್ ಬಾಕ್ಸುಗಳಲ್ಲಿ ಕೇಳಿಬರುವ ‘ಹಲಗಿ ಮಿಕ್ಸ್’ ಎಂಬುದನ್ನು ಬಲ್ಲ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಕೇಳುಗರಿಗೆ ಅದರ ತಿರುಳು ಅಪರಿಚಿತವಲ್ಲ. ಹಲಗಿ ಎಂಬ ಚರ್ಮವಾದ್ಯದ ನಾಲ್ಕಾರು ಪೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಎಫ್‌ಎಲ್ ಸ್ಟುಡಿಯೋದಂತಹ ತಂತ್ರಾಂಶದಲ್ಲಿ ಅವನ್ನು ಕತ್ತರಿಸಿ, ಕೆಳಗೆ ಭಾರವಾದ ಬೇಸ್ ಸೇರಿಸಿ, ಜನಪದ ಹಾಡೊಂದರ ಪಲ್ಲವಿಯನ್ನು ಮೇಲೆ ಹಾಸುವ ಈ ಕೆಲಸವು ಬ್ರೇಕ್‌ಬೀಟಿನ ಮೂಲಸೂತ್ರವನ್ನೇ ಪಾಲಿಸುತ್ತದೆ. ಆದ್ದರಿಂದ ಈ ಪ್ರಕಾರದ ಗಮನಾರ್ಹ ಆಲ್ಬಂಗಳ ಬೆಳವಣಿಗೆಯನ್ನು ಈ ನಾಲ್ಕು ತಾಲ್ಲೂಕುಗಳ ನೆಲದಲ್ಲಿ ನಿಂತು ನೋಡುವುದು ಸಾಧ್ಯ. ಹಾಗೆ ನೋಡಿದಾಗ ಎದ್ದು ಕಾಣುವ ಪ್ರಶ್ನೆ, ಧ್ವನಿಯು ಅದನ್ನು ಹುಟ್ಟಿಸಿದ ಒಡಲಿನಿಂದ ಬೇರ್ಪಟ್ಟು ಊರೂರು ಸುತ್ತುವಾಗ ಆ ಒಡಲಿನ ಹೆಸರು ಏನಾಗುತ್ತದೆ ಎಂಬುದು.

ಆ ಬೇರ್ಪಡೆಯ ಆರಂಭ ಕಂಪ್ಯೂಟರಿನದಲ್ಲ, ಗ್ರಾಮೊಫೋನಿನದು. ಬೀಳಗಿಯಲ್ಲಿ ಹುಟ್ಟಿ ಮುಂಬಯಿ ಸೇರಿದ ಅಮೀರ್‌ಬಾಯಿ ಕರ್ನಾಟಕಿಯವರ ಕಂಠವು 1940ರ ‘ನರಸಿ ಭಗತ್’ ಮತ್ತು 1943ರ ‘ಕಿಸ್ಮತ್’ ಚಿತ್ರಗಳ ಮುದ್ರಿಕೆಗಳ ಮೂಲಕ ಹಿಂದೂಸ್ತಾನದ ಮೂಲೆಮೂಲೆಗೆ ತಲುಪಿತು. ಆಕೆಯ ಮುಖವನ್ನು ಎಂದೂ ಕಾಣದ ಜನ ಆಕೆಯ ದನಿಯನ್ನು ತಮ್ಮ ಮನೆಯ ದನಿಯಾಗಿ ಮಾಡಿಕೊಂಡರು. ಆಕೆಯ ಸಹೋದರಿ ಗೋಹರ್‌ಬಾಯಿ ಕರ್ನಾಟಕಿ ಬಾಲಗಂಧರ್ವರ ಮರಾಠಿ ರಂಗಭೂಮಿಯ ಗಾಯಕಿಯಾಗಿ ಹೆಸರಾದರು. ಅಂದಿನ 78 ಸುತ್ತಿನ ತಟ್ಟೆಯ ಒಂದು ಬದಿಯಲ್ಲಿ ಮೂರರಿಂದ ಮೂರೂವರೆ ನಿಮಿಷವಷ್ಟೇ ಹಿಡಿಯುತ್ತಿದ್ದುದರಿಂದ ಆಲಾಪವನ್ನು ಮೊಟಕುಗೊಳಿಸಿ ಚೀಜಿಗೆ ನೇರವಾಗಿ ಇಳಿಯುವ ಅಭ್ಯಾಸ ಗಾಯಕರಿಗೆ ಅನಿವಾರ್ಯವಾಯಿತು. ಯಂತ್ರದ ಅಳತೆಗೆ ಸಂಗೀತ ತನ್ನನ್ನು ತಾನೇ ಕತ್ತರಿಸಿಕೊಂಡ ಸಂದರ್ಭವಿದು. ಆಲ್ಬಂ ಎಂಬ ಮಾತೂ ಆ ಕಾಲದ್ದೇ: ಇಂಥ ಹಲವು ತಟ್ಟೆಗಳ ಲಕೋಟೆಗಳನ್ನು ಪುಸ್ತಕದ ಹಾಳೆಗಳಂತೆ ಒಟ್ಟಿಗೆ ಹೊಲಿದಿಟ್ಟ ಹೊದಿಕೆಗೆ ಆ ಹೆಸರಿತ್ತು, 1948ರಲ್ಲಿ ನಿಧಾನ ಸುತ್ತಿನ ದೀರ್ಘಮುದ್ರಿಕೆ ಬಂದ ಮೇಲೆ ಅದು ಒಂದೇ ತಟ್ಟೆಗೂ ಅಂಟಿಕೊಂಡಿತು.

ಬೀಳಗಿಯದೇ ಇನ್ನೊಂದು ನಿದರ್ಶನವು ಈ ಬೇರ್ಪಡೆಯನ್ನು ಮತ್ತಷ್ಟು ಸ್ಪಷ್ಟವಾಗಿ ತೋರಿಸುತ್ತದೆ. ಈ ಭಾಗದಲ್ಲಿ ಶಹನಾಯಿಗೆ ಸನಾದಿ ಎಂಬ ಹೆಸರಿದೆ. ಬೀಳಗಿಯ ವಾದಕ ಸನಾದಿ ಅಪ್ಪಣ್ಣನ ಹೆಸರನ್ನು ಹೊತ್ತು, ಬೀಳಗಿಯವರೇ ಆದ ಕೃಷ್ಣಮೂರ್ತಿ ಪುರಾಣಿಕರು ಬರೆದ ಕಾದಂಬರಿಯು 1977ರಲ್ಲಿ ಚಲನಚಿತ್ರವಾದಾಗ, ತೆರೆಯ ಮೇಲೆ ಕಂಡದ್ದು ರಾಜಕುಮಾರ್, ಕೇಳಿದ್ದು ಉಸ್ತಾದ್ ಬಿಸ್ಮಿಲ್ಲಾ ಖಾನರ ಶಹನಾಯಿ. ಒಬ್ಬನ ಹೆಸರು, ಇನ್ನೊಬ್ಬನ ಮುಖ, ಮತ್ತೊಬ್ಬನ ಉಸಿರು ಸೇರಿ ಒಂದು ಕಲಾಕೃತಿ ಆಗಬಹುದೆಂಬುದನ್ನು ಕನ್ನಡ ನಾಡು ಯಾವ ತಕರಾರೂ ಇಲ್ಲದೆ ಒಪ್ಪಿಕೊಂಡಿತು, ಮತ್ತು ಅಲ್ಲಿ ಮೂವರ ಹೆಸರೂ ಉಳಿದವು. ಎಲೆಕ್ಟ್ರಾನಿಕ್ ಸಂಗೀತದ ಚರಿತ್ರೆಯಲ್ಲಿ ಹೀಗೆ ಎಲ್ಲರ ಹೆಸರೂ ಉಳಿದ ಪ್ರಸಂಗಗಳು ವಿರಳ.

ಯಂತ್ರವನ್ನು ಸಂಗೀತ ಹಿಡಿದಿಡುವ ಪೆಟ್ಟಿಗೆಯಾಗಿ ಮಾತ್ರವಲ್ಲದೆ ವಾದ್ಯವಾಗಿಯೇ ಬಳಸುವ ಪ್ರಯೋಗಗಳಲ್ಲಿ 1948ರಲ್ಲಿ ಪ್ಯಾರಿಸಿನ ಪಿಯರ್ ಶೇಫರ್ ರೈಲುಗಾಡಿಯ ಸದ್ದುಗಳನ್ನು ಮುದ್ರಿಸಿ, ತುಂಡರಿಸಿ, ಕೂಡಿಸಿ ರಚಿಸಿದ ಕೃತಿಗೆ ವಿಶೇಷ ಸ್ಥಾನವಿದೆ. ಭಾರತದಲ್ಲಿ ಅಂಥ ಕೆಲಸ ತಡವಾಗಿ ಆರಂಭವಾಯಿತೆಂಬ ನಂಬಿಕೆ ಇತ್ತೀಚಿನವರೆಗೂ ಇತ್ತು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ಮೂಗ್ ಸಿಂಥಸೈಸರ್ ಸ್ಥಾಪಿಸಿದ ಮೇಲೆ ಗೀತಾ ಸಾರಾಭಾಯಿ, ಐ. ಎಸ್. ಮಾಥುರ್, ಅತುಲ್ ದೇಸಾಯಿ ಮೊದಲಾದವರು ಮಾಡಿದ ಮುದ್ರಣಗಳು 2023ರಲ್ಲಿ ‘ದಿ ಎನ್‌ಐಡಿ ಟೇಪ್ಸ್’ ಎಂಬ ಸಂಕಲನವಾಗಿ ಹೊರಬಂದು ಆ ನಂಬಿಕೆಯನ್ನು ಅಳಿಸಿದವು. ಸಿಂಥಸೈಸರ್ ಎಂದರೆ ತಂತಿ ಮೀಟದೆ, ಚರ್ಮ ಬಡಿಯದೆ, ವಿದ್ಯುತ್ತಿನ ಕಂಪನದಿಂದಲೇ ಸ್ವರ ಹುಟ್ಟಿಸುವ ಯಂತ್ರ. ಅದೇ ತತ್ತ್ವವನ್ನು ಕರ್ನಾಟಕದಲ್ಲಿ ಮನೆಮನೆಯ ವಸ್ತುವಾಗಿಸಿದವರು ಕೊಳಲು ವಾದಕರೂ ಎಂಜಿನಿಯರರೂ ಆದ ಬೆಂಗಳೂರಿನ ಜಿ. ರಾಜನಾರಾಯಣ್, ಅವರ ರಾಡೆಲ್ ಸಂಸ್ಥೆಯ ಎಲೆಕ್ಟ್ರಾನಿಕ್ ತಂಬೂರಿ ಮತ್ತು ತಬಲಾ ಪೆಟ್ಟಿಗೆಗಳನ್ನು ಸಂಗೀತ ಕಲಿಯುವ ಮಕ್ಕಳು ಇಂದು ಯಂತ್ರವೆಂದು ಗಮನಿಸುವುದೂ ಇಲ್ಲ. ಎಲೆಕ್ಟ್ರಾನಿಕ್ ಸಂಗೀತ ಪರಕೀಯವೆಂದು ಮೂಗು ಮುರಿಯುವವರು ತಮ್ಮ ಬೆಳಗಿನ ರಿಯಾಜಿಗೆ ಶ್ರುತಿ ಕೊಡುವ ಆ ಪೆಟ್ಟಿಗೆಯನ್ನು ಒಮ್ಮೆ ನೆನೆಯಬೇಕು.

ಸ್ವರಕ್ಕಿಂತ ತಾಳದ ಯಂತ್ರ ಹೆಚ್ಚು ಕುತೂಹಲದ್ದು. ಅದನ್ನು ಅರ್ಥ ಮಾಡಿಕೊಳ್ಳಲು ರಬಕವಿ-ಬನಹಟ್ಟಿಗಿಂತ ತಕ್ಕ ಊರು ಸಿಗಲಾರದು. ಸೀರೆಯ ಅಂಚಿನ ನಕ್ಷೆಯನ್ನು ಜಕಾರ್ಡ್ ಮಗ್ಗವು ತೂತು ಹೊಡೆದ ರಟ್ಟಿನ ಕಾರ್ಡುಗಳ ಸರಣಿಯಿಂದ ಓದುತ್ತದೆ: ತೂತಿದ್ದಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ, ಲಾಳಿ ಹೊಕ್ಕನ್ನು ಹೊತ್ತು ದಾಟುತ್ತದೆ, ಮುಂದಿನ ಕಾರ್ಡು ಬರುತ್ತದೆ, ಸರಣಿ ಮುಗಿದಾಗ ಮೊದಲಿನಿಂದ ಶುರುವಾಗುತ್ತದೆ. ಜಪಾನಿನ ರೋಲೆಂಡ್ ಕಂಪನಿ 1980ರಲ್ಲಿ ತಂದ ಟಿಆರ್-808 ಎಂಬ ಡ್ರಮ್ ಯಂತ್ರದ ಮುಂಭಾಗದಲ್ಲಿ ಸಾಲಾಗಿ ಇರುವ 16 ಗುಂಡಿಗಳ ಕೆಲಸವೂ ಇದೇ ಬಗೆಯದು: ಒತ್ತಿದ ಗುಂಡಿಯ ಪಾಳಿ ಬಂದಾಗ ಪೆಟ್ಟು ಬೀಳುತ್ತದೆ, ಒತ್ತದಲ್ಲಿ ಮೌನ, 16 ಮುಗಿದರೆ ಮತ್ತೆ ಒಂದು. ಸಂಗೀತಗಾರರು ಸೀಕ್ವೆನ್ಸರ್ ಎಂದು ಕರೆಯುವ ಈ ವ್ಯವಸ್ಥೆಯಲ್ಲಿ ತಾಳವು ನಕ್ಷೆಯಾಗುತ್ತದೆ. ನುಡಿಸುವವನ ಕೈಯ ನಡುಕ, ದಣಿವು, ಹುರುಪು ಯಾವುದೂ ಅದರಲ್ಲಿ ಇಳಿಯುವುದಿಲ್ಲ, ಮತ್ತು ಕೈಮಗ್ಗದ ಬಟ್ಟೆಗೂ ವಿದ್ಯುತ್ ಮಗ್ಗದ ಬಟ್ಟೆಗೂ ಇರುವ ವ್ಯತ್ಯಾಸವನ್ನು ಬೆರಳಲ್ಲಿ ಮುಟ್ಟಿ ಹೇಳಬಲ್ಲ ನೇಕಾರರಿಗೆ ಆ ನಷ್ಟವೂ ಲಾಭವೂ ಒಟ್ಟಿಗೆ ತಿಳಿಯುತ್ತವೆ.

ಈ ಯಂತ್ರವನ್ನು ಹಿಂದೂಸ್ತಾನಿ ರಾಗಕ್ಕೆ ಹೂಡಿದ ಆಲ್ಬಂ ಒಂದು ಮುಂಬಯಿಯಲ್ಲಿ ಸಿದ್ಧವಾಯಿತು. ಚಿತ್ರರಂಗದ ವಾದಕ ಚರಣಜಿತ್ ಸಿಂಗ್ 1982ರಲ್ಲಿ ಟಿಆರ್-808ರ ಜೊತೆಗೆ ಟಿಬಿ-303 ಎಂಬ ಬೇಸ್ ಯಂತ್ರವನ್ನೂ ಜ್ಯೂಪಿಟರ್-8 ಸಿಂಥಸೈಸರನ್ನೂ ಕೂಡಿಸಿ ಭೈರವಿ, ಲಲತ್, ತೋಡಿ, ಮಧುವಂತಿ, ಯಮನ್, ಮಾಲಕಂಸ್ ಸೇರಿದಂತೆ 10 ರಾಗಗಳನ್ನು ನುಡಿಸಿದರು. ‘ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್’ ಎಂಬ ಆ ಮುದ್ರಿಕೆ ಅಂದು ಯಾರ ಗಮನಕ್ಕೂ ಬಾರದೆ ಮೂಲೆ ಸೇರಿ, 2010ರಲ್ಲಿ ಮರುಮುದ್ರಣಗೊಂಡಾಗ, ಅಮೆರಿಕದ ಶಿಕಾಗೋದಲ್ಲಿ ಕೆಲವು ವರ್ಷಗಳ ನಂತರ ಹುಟ್ಟಿದ ಆಸಿಡ್ ಹೌಸ್ ಎಂಬ ನೃತ್ಯಸಂಗೀತವನ್ನು ಅದು ಮುಂಚೆಯೇ ಮುಟ್ಟಿತ್ತೆಂದು ಲೋಕ ಬೆರಗಾಯಿತು. ಕಿರಾನಾ ಘರಾಣೆಯ ಗಾಯನಶೈಲಿಯ ನೆರಳಿನಲ್ಲಿ ಬೆಳೆದ ಉತ್ತರ ಕರ್ನಾಟಕದ ಕೇಳುಗರು ಎಲೆಕ್ಟ್ರಾನಿಕ್ ಆಲ್ಬಂಗಳ ಪರಿಚಯವನ್ನು ಇಲ್ಲಿಂದಲೇ ತೊಡಗುವುದು ಲೇಸು. ಪರಿಚಿತ ರಾಗದ ನಡೆಯು ಅಪರಿಚಿತ ಯಂತ್ರದ ಲೆಕ್ಕದೊಳಗೆ ಹೇಗೆ ಬಾಗುತ್ತದೆ, ಎಲ್ಲಿ ಬಾಗಲು ಒಪ್ಪುವುದಿಲ್ಲ ಎಂಬುದನ್ನು ಅವರ ಕಿವಿ ಬೇಗನೆ ಹಿಡಿಯುತ್ತದೆ.

ಬ್ರೇಕ್‌ಬೀಟಿನ ಕವಲು ಬೇರೆ ದಾರಿಯಲ್ಲಿ ಬಂದಿತು, ಮತ್ತು ಈ ಸಮೀಕ್ಷೆಯ ಹೃದಯ ಅಲ್ಲಿದೆ. 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯಲ್ಲಿ, ಜಮೈಕಾದಿಂದ ಬಂದಿದ್ದ ಕೂಲ್ ಹರ್ಕ್ ಎಂಬ ಡಿಜೆ, ಕುಣಿಯುವವರು ಬ್ರೇಕಿಗಾಗಿಯೇ ಕಾಯುವುದನ್ನು ಕಂಡು, ಎರಡು ತಟ್ಟೆಯಂತ್ರಗಳ ಮೇಲೆ ಬ್ರೇಕುಗಳನ್ನು ಒಂದಾದ ಮೇಲೊಂದರಂತೆ ನುಡಿಸಿ ಅವನ್ನು ಹಿಗ್ಗಿಸಿದ. 1980ರ ದಶಕದಲ್ಲಿ ಸ್ಯಾಂಪ್ಲರ್, ಅಂದರೆ ಯಾವುದೇ ಸದ್ದಿನ ತುಣುಕನ್ನು ನೆನಪಿನಲ್ಲಿಟ್ಟು ಗುಂಡಿ ಒತ್ತಿದಾಗ ನುಡಿಯುವ ಯಂತ್ರ, ಕೈಗೆಟುಕಿದ ಮೇಲೆ ಆ ಕೆಲಸ ಸಲೀಸಾಯಿತು. ಅತಿ ಹೆಚ್ಚು ಬಾರಿ ಹೀಗೆ ಎತ್ತಿಕೊಂಡ ತುಣುಕುಗಳಲ್ಲೊಂದು, 1969ರಲ್ಲಿ ದಿ ವಿನ್‌ಸ್ಟನ್ಸ್ ಎಂಬ ತಂಡ ಹೊರತಂದ ತಟ್ಟೆಯೊಂದರ ಹಿಂಬದಿಯ ‘ಆಮೆನ್, ಬ್ರದರ್’ ಎಂಬ ನುಡಿತದಲ್ಲಿ ಡ್ರಮ್ ವಾದಕ ಗ್ರೆಗರಿ ಕೋಲ್‌ಮನ್ ಬಾರಿಸಿದ ಏಳು ಸೆಕೆಂಡಿಗೂ ಮೀರದ ನಾಲ್ಕು ಆವರ್ತ. ಬ್ರಿಟನ್ನಿನಲ್ಲಿ 1990ರ ದಶಕದ ಆರಂಭದಲ್ಲಿ ಹುಟ್ಟಿದ ಜಂಗಲ್ ಎಂಬ ಪ್ರಕಾರವು ಈ ತುಣುಕಿನ ವೇಗ ಹೆಚ್ಚಿಸಿ, ಪುಡಿಗಟ್ಟಿ, ಅದರ ಮೇಲೆಯೇ ತನ್ನ ಗೋಪುರ ಕಟ್ಟಿತು. ಗೋಲ್ಡಿಯ ‘ಟೈಮ್‌ಲೆಸ್’, 1995ರ ಆಲ್ಬಂ, ಆ ಪ್ರಕಾರಕ್ಕೆ ದೀರ್ಘ ರಚನೆಯ ಗಾಂಭೀರ್ಯ ಕೊಟ್ಟಿತು. ಅದರಲ್ಲಿ ಡ್ರಮ್ಮು ದುಪ್ಪಟ್ಟು ವೇಗದಲ್ಲಿ ಓಡುತ್ತಿರುವಾಗ ಬೇಸ್ ಸ್ವರಗಳು ಅರ್ಧ ವೇಗದಲ್ಲಿ ನಡೆಯುವುದನ್ನು ಕೇಳಿದವರಿಗೆ, ಈ ಸೀಮೆಯ ಜನಪದ ಮೇಳವಾದ ಕರಡಿ ಮಜಲಿನಲ್ಲಿ ಕರಡಿ ವಾದ್ಯ ಮಜಲು ಮಜಲಾಗಿ ಬಿರುಸಾಗುತ್ತಿದ್ದರೂ ಸನಾದಿಯವರು ತಮ್ಮ ಉದ್ದ ಎಳೆತವನ್ನು ಬಿಟ್ಟುಕೊಡದಿರುವುದು ನೆನಪಾದರೆ ಆಶ್ಚರ್ಯವಿಲ್ಲ.

ಸಾವಿರಾರು ಹಾಡುಗಳಿಗೆ ಬೆನ್ನೆಲುಬಾದ ಆ ಏಳು ಸೆಕೆಂಡಿನಿಂದ ಕೋಲ್‌ಮನ್‌ಗೆ ಗೌರವಧನ ಸಿಗಲಿಲ್ಲ. 2006ರಲ್ಲಿ ಆತ ಮನೆಮಠವಿಲ್ಲದೆ ತೀರಿಕೊಂಡ. ತಂಡದ ನಾಯಕ ರಿಚರ್ಡ್ ಸ್ಪೆನ್ಸರ್‌ಗೆ 2015ರಲ್ಲಿ ಕೇಳುಗರು ಚಂದಾ ಎತ್ತಿ ಹಣ ಕೊಟ್ಟರು. ಈ ಪ್ರಸಂಗವನ್ನು ಹಲಗಿ ಮಿಕ್ಸಿನ ಪಕ್ಕ ಇಟ್ಟು ನೋಡಬೇಕಾಗಿದೆ. ಹಲಗಿ ಬಾರಿಸುವುದು ಬಹುಕಾಲ ದಲಿತ ಸಮುದಾಯಗಳ ಮೇಲೆ ಹೊರಿಸಿದ್ದ ಊರ ಚಾಕರಿಯಾಗಿತ್ತು. ಹೋಳಿಯಲ್ಲಿ ಬಾಗಲಕೋಟೆಯ ಬೀದಿಗಳನ್ನು ಎಬ್ಬಿಸುವ ಆ ವಾದ್ಯದ ಪೆಟ್ಟುಗಳ ವೈವಿಧ್ಯ, ದಪ್ಪ ಕೋಲು ಮತ್ತು ಸಣ್ಣ ಕಡ್ಡಿಯ ನಡುವಿನ ಸಂವಾದ, ಚರ್ಮವನ್ನು ಬೆಂಕಿಗೆ ಹಿಡಿದು ಶ್ರುತಿ ಏರಿಸುವ ಲೆಕ್ಕ ಎಲ್ಲವೂ ಅವರ ತಲೆಮಾರುಗಳ ಗಳಿಕೆ. ಈಗ ಒಂದು ತುಣುಕು ಫೋನಿನಿಂದ ಫೋನಿಗೆ ಹಾಯುತ್ತ ಎಲ್ಲ ಜಾತಿಗಳ ಮೆರವಣಿಗೆಯಲ್ಲೂ ಮೊಳಗುತ್ತದೆ, ಆದರೆ ಆ ತುಣುಕಿನೊಳಗಿನ ಕೈ ಯಾರದೆಂದು ಕೇಳುವವರಿಲ್ಲ. ಪೆಟ್ಟು ಊರೊಳಗೆ ಬಂದಿದೆ. ಬಾರಿಸಿದವರ ಹೆಸರು ಇನ್ನೂ ಊರ ಹೊರಗಿದೆ.

ತುಣುಕನ್ನು ಕುಣಿತಕ್ಕಷ್ಟೇ ಅಲ್ಲದೆ ಏಕಾಗ್ರ ಶ್ರವಣಕ್ಕೂ ಒಗ್ಗಿಸಿದ ಆಲ್ಬಂಗಳು 1990ರ ದಶಕದ ನಡುವಿನಲ್ಲಿ ಒತ್ತಾಗಿ ಬಂದವು. ಕ್ಯಾಲಿಫೋರ್ನಿಯಾದ ಡಿಜೆ ಶ್ಯಾಡೋ 1996ರ ‘ಎಂಡ್‌ಟ್ರೊಡ್ಯೂಸಿಂಗ್’ ಆಲ್ಬಮ್ಮನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಹಳೆಯ ತಟ್ಟೆಗಳ ತುಣುಕುಗಳಿಂದಲೇ ನೇಯ್ದರು. ಅದೇ ವರ್ಷ ಏಫೆಕ್ಸ್ ಟ್ವಿನ್ ‘ರಿಚರ್ಡ್ ಡಿ. ಜೇಮ್ಸ್ ಆಲ್ಬಂ’ನಲ್ಲಿ ಜೋಗುಳದಷ್ಟು ಸರಳವಾದ ಧಾಟಿಗಳ ಕೆಳಗೆ ಕೈಯಿಂದ ಬಾರಿಸಲಾಗದ ವೇಗದ ಡ್ರಮ್ಮುಗಳನ್ನಿಟ್ಟರು; 1997ರ ‘ಹಾರ್ಡ್ ನಾರ್ಮಲ್ ಡ್ಯಾಡಿ’ಯಲ್ಲಿ ಸ್ಕ್ವೇರ್‌ಪುಷರ್ ತಮ್ಮದೇ ಬೇಸ್ ಗಿಟಾರನ್ನು ಪುಡಿಯಾದ ತಾಳದ ಜೊತೆ ಜುಗಲಬಂದಿಗೆ ಇಳಿಸಿದರು. ಕೆನಡಾದ ವೆನೀಷಿಯನ್ ಸ್ನೇರ್ಸ್, ಹಂಗೆರಿ ಭಾಷೆಯ ಶೀರ್ಷಿಕೆಯುಳ್ಳ 2005ರ ಆಲ್ಬಮ್ಮಿನಲ್ಲಿ, ಪಾಶ್ಚಾತ್ಯ ನೃತ್ಯಸಂಗೀತದ ನಾಲ್ಕರ ಎಣಿಕೆಯನ್ನು ಬಿಟ್ಟು ಬಹುಮಟ್ಟಿಗೆ ಏಳರ ಎಣಿಕೆಯಲ್ಲಿ ಪಿಟೀಲುಗಳನ್ನೂ ಒಡೆದ ಡ್ರಮ್ಮುಗಳನ್ನೂ ಕೂಡಿಸಿದರು. ರೂಪಕ ತಾಳದ ಏಳು ಮಾತ್ರೆ ರೂಢಿಯಿದ್ದವರಿಗೆ, ಅಲ್ಲಿನ ವಿಮರ್ಶಕರು ವಿಚಿತ್ರವೆಂದು ಕರೆದ ಆ ನಡಿಗೆ ಸಹಜವಾಗಿಯೇ ದಕ್ಕುತ್ತದೆ. ಈ ಗುಂಪಿನಲ್ಲಿ ಒಂದನ್ನೇ ಆರಿಸಬೇಕಾದರೆ ಶ್ಯಾಡೋ ಅವರ ಆಲ್ಬಂ ಮೊದಲು ಬರಬೇಕು. ಉಳಿದವು ಬೆರಗು ಹುಟ್ಟಿಸುತ್ತವೆ, ಅದು ಲೋಕ ಮರೆತ ವಾದಕರ ಬಗೆಗೆ ಮರುಕ ಹುಟ್ಟಿಸುತ್ತದೆ.

ಕಾನೂನು ಈ ಸಂಗೀತದ ರೂಪವನ್ನೇ ತಿದ್ದಿದ ಸಂದರ್ಭವೂ ಉಂಟು. ಬಯಲಿನಲ್ಲಿ ರಾತ್ರಿಯಿಡೀ ನಡೆಯುವ ಕೂಟಗಳನ್ನು ತಡೆಯಲು ಬ್ರಿಟಿಷ್ ಸರ್ಕಾರ 1994ರಲ್ಲಿ ತಂದ ಕಾಯ್ದೆಯು, ಆ ಕೂಟಗಳ ಸಂಗೀತವನ್ನು ಮರಳಿ ಮರಳಿ ಬರುವ ಪೆಟ್ಟುಗಳ ಸಂಗೀತವೆಂದು ವ್ಯಾಖ್ಯಾನಿಸಿದಾಗ, ಆಟೆಕರ್ ಎಂಬ ಜೋಡಿ ಪ್ರತಿಭಟನೆಯಾಗಿ ‘ಆಂಟಿ’ ಎಂಬ ಕಿರು ಮುದ್ರಿಕೆ ತಂದು, ಅದರ ಒಂದು ರಚನೆಯಲ್ಲಿ ಯಾವ ಎರಡು ಆವರ್ತಗಳೂ ಒಂದೇ ಆಗದಂತೆ ತಾಳವನ್ನು ಹೆಣೆಯಿತು. ಭಾರತದಲ್ಲಿ 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ನಿರ್ಬಂಧಿಸಿ, ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಹಾಕಿವೆ. ಹಸುಗೂಸುಗಳ, ಹೃದ್ರೋಗಿಗಳ, ಹಿಂದಿನ ವಾಹನದ ಹಾರ್ನ್ ಕೇಳದ ಟ್ರ್ಯಾಕ್ಟರ್ ಚಾಲಕರ ಹಿತದಿಂದ ಈ ಮಿತಿ ನ್ಯಾಯವಾದದ್ದೇ. ಆದರೆ ಡಿಜೆ ಎಂದರೆ ಸದ್ದಿನ ಪ್ರಮಾಣವೊಂದೇ ಎಂಬ ಭಾವನೆ ಅದರಿಂದ ಬಲಗೊಂಡು, ಆ ಸದ್ದಿನ ಒಳಗಿನ ಕಟ್ಟೋಣವನ್ನು ಕಡಿಮೆ ದನಿಯಲ್ಲಿ, ಹೆಡ್‌ಫೋನಿನಲ್ಲಿ, ಕೂತು ಕೇಳುವ ಅಭ್ಯಾಸವೇ ಬೆಳೆಯದೆ ಹೋಗಿದೆ.

ತಬಲಾ ವಾದಕ ತಲ್ವಿನ್ ಸಿಂಗ್ ಲಂಡನ್ನಿನಲ್ಲಿ ಬ್ರೇಕ್‌ಬೀಟಿಗೆ ತಮ್ಮ ಕೈಯ ಬೋಲುಗಳನ್ನೇ ಬೆಸೆದು 1998ರಲ್ಲಿ ತಂದ ‘ಓಕೆ’ ಆಲ್ಬಮ್ಮಿಗೆ 1999ರ ಮರ್ಕ್ಯುರಿ ಪ್ರಶಸ್ತಿ ಸಂದಿತು. ಯಂತ್ರವೂ ಕೈಯೂ ಎದುರಾಳಿಗಳಲ್ಲವೆಂಬುದಕ್ಕೆ ಅದು ಉತ್ತಮ ಸಾಕ್ಷಿ. ಬೆಂಗಳೂರಿನ ಸಲ್ಕ್ ಸ್ಟೇಷನ್ ಜೋಡಿಯ 2012ರ ‘ಟಿಲ್ ಯು ಅಪಿಯರ್’ ನಿಧಾನಗತಿಯ ಎಲೆಕ್ಟ್ರಾನಿಕ್ ತಾಳದ ಮೇಲೆ ಕಂಠವನ್ನು ತೇಲಿಬಿಟ್ಟ ಸಂಯಮದ ಆಲ್ಬಂ. ನಗರದ ಈ ಕೆಲಸಗಳಿಗೆ ಆಲ್ಬಂ ಎಂಬ ಹೊದಿಕೆಯುಂಟು, ವಾದಕರ ಪಟ್ಟಿಯುಂಟು. ರಾಯಬಾಗ ತಾಲ್ಲೂಕಿನ ನಿಪನಾಳದ ಮಾಳು ಅವರಂಥ ಜನಪದ ಗಾಯಕರಿಂದ ನಾಡೆಲ್ಲ ಕೇಳಿದ ಉತ್ತರ ಕರ್ನಾಟಕದ ಹೊಸ ಹಾಡು ಮಾತ್ರ ಬಿಡಿಬಿಡಿಯಾಗಿ ಬಂದು, ಮಿಕ್ಸಾಗಿ, ಮಿಕ್ಸಿನ ಮೇಲೆ ಮಿಕ್ಸಾಗಿ, ಮುಂದಿನ ಹಂಗಾಮಿಗೆ ಮರೆಯಾಗುತ್ತದೆ.

1902ರಲ್ಲಿ ಕಲ್ಕತ್ತೆಯ ಗೌಹರ್ ಜಾನ್ ಗ್ರಾಮೊಫೋನಿಗೆ ಹಾಡಿ ಮುಗಿಸಿದೊಡನೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದಳು. ತಟ್ಟೆ ಅಚ್ಚಾಗುತ್ತಿದ್ದ ಜರ್ಮನಿಯ ಹ್ಯಾನೋವರಿನ ಕೆಲಸಗಾರರಿಗೆ ಯಾವ ತಟ್ಟೆಗೆ ಯಾರ ಚೀಟಿ ಅಂಟಿಸಬೇಕೆಂದು ತಿಳಿಯಲು ಆ ಏರ್ಪಾಡು. ಇಂದಿನ ಹಲಗಿ ಮಿಕ್ಸಿನ ನಡುವೆಯೂ ತಾಳ ಒಂದು ಕ್ಷಣ ನಿಂತು, ಪ್ರತಿಧ್ವನಿಯ ಲೇಪದಲ್ಲಿ ಡಿಜೆಯ ಹೆಸರೂ ಅವನ ಊರಿನ ಹೆಸರೂ ಮೊಳಗುತ್ತವೆ. ಅದಾದ ಮರುಕ್ಷಣವೇ ಹಲಗಿ ಮತ್ತೆ ಶುರುವಾಗುತ್ತದೆ, ಹೆಸರಿಲ್ಲದೆ.