ಮಾನ ಹೋದದ್ದು ಯಾವುದರಿಂದ?

1954ರ ಸೆಪ್ಟೆಂಬರಿನಲ್ಲಿ ಇಟಲಿಯ ಪೊಲೀಸರು ಒಬ್ಬ ಹೆಂಗಸನ್ನು ಹಿಡಿದು ಅಲೆಸ್ಸಾಂದ್ರಿಯದ ಸೆರೆಮನೆಗೆ ಹಾಕಿದರು. ಆಕೆ ಕದ್ದಿರಲಿಲ್ಲ, ಯಾರಿಗೂ ಮೋಸ ಮಾಡಿ ದುಡ್ಡು ಹೊಡೆದಿರಲಿಲ್ಲ. ವೈದ್ಯನಾಗಿದ್ದ ಗಂಡನನ್ನು ಬಿಟ್ಟು, ಇಡೀ ದೇಶ ಹೊತ್ತು ಮೆರೆಸುತ್ತಿದ್ದ ಸೈಕಲ್ ವೀರ ಫೌಸ್ತೊ ಕೊಪ್ಪಿಯ ಮನೆ ಸೇರಿದ್ದಳು, ಅಷ್ಟೆ. ಜೂಲಿಯಾ ಒಕ್ಕೀನಿ ಎಂಬ ಹೆಸರಿಗಿಂತ, ತೊಟ್ಟ ಬಿಳಿ ಕೋಟಿನಿಂದಾಗಿ ಪತ್ರಿಕೆಗಳು ಅಂಟಿಸಿದ ‘ಬಿಳಿಯುಡುಗೆಯಾಕೆ’ ಎಂಬ ಅಡ್ಡಹೆಸರೇ ಜನರ ಬಾಯಲ್ಲಿ ಉಳಿಯಿತು.

ಕೊಪ್ಪಿಗೂ ಮದುವೆಯಾಗಿತ್ತು. ಆದರೆ ಅಂದಿನ ದಂಡಸಂಹಿತೆಯ 559ನೇ ವಿಧಿಯ ಪ್ರಕಾರ ಹೆಂಡತಿ ಒಮ್ಮೆ ದಾರಿ ತಪ್ಪಿದರೂ ಒಂದು ವರ್ಷದವರೆಗೆ ಜೈಲು. ಗಂಡನಾದರೆ ಉಪಪತ್ನಿಯನ್ನು ಮನೆಯಲ್ಲೇ ಇಟ್ಟುಕೊಂಡಿರಬೇಕು, ಇಲ್ಲವೇ ಊರಿಗೆಲ್ಲ ಗೊತ್ತಾಗುವಂತೆ ಬೇರೆಡೆ ಇಟ್ಟುಕೊಂಡಿರಬೇಕು. ಆಗ ಮಾತ್ರ ಅಪರಾಧ. 1955ರಲ್ಲಿ ಇಬ್ಬರಿಗೂ ಶಿಕ್ಷೆಯಾಯಿತು, ಜಾರಿಯಾಗದೆ ಅಮಾನತಿನಲ್ಲಿ ಉಳಿಯಿತು. ಅದೇ ವರ್ಷ ಅವರ ಮಗು ಹುಟ್ಟಿದ್ದು ದೂರದ ಬ್ಯೂನಸ್ ಐರಿಸ್‌ನಲ್ಲಿ. ಇಟಲಿಯಲ್ಲಿ ಹುಟ್ಟಿದ್ದರೆ ಕಾನೂನು ಆ ಕೂಸಿಗೆ ಕೊಪ್ಪಿಯ ಬದಲು ಆ ವೈದ್ಯನ ಹೆಸರನ್ನು ಕಟ್ಟುತ್ತಿತ್ತು.

ಅದೇ 1954ರಲ್ಲಿ ವಿದೇಶಾಂಗ ಮಂತ್ರಿ ಅತ್ತಿಲಿಯೊ ಪಿಚ್ಚೋನಿ ರಾಜೀನಾಮೆ ಕೊಟ್ಟರು. ಹಿಂದಿನ ವರ್ಷ ರೋಮಿನ ಬಳಿಯ ತೊರ್ವಯಾನಿಕಾ ಕಡಲತೀರದಲ್ಲಿ ವಿಲ್ಮಾ ಮೊಂತೇಸಿ ಎಂಬ ಯುವತಿಯ ಶವ ಸಿಕ್ಕಿತ್ತು. ಶ್ರೀಮಂತರ ಮೋಜಿನಕೂಟದ ಗುಸುಗುಸು ಹಬ್ಬಿ, ಜಾಸ್ ಸಂಗೀತಗಾರನಾಗಿದ್ದ ಮಂತ್ರಿಯ ಮಗ ಪಿಯೆರೊನನ್ನು ಸುತ್ತಿಕೊಂಡಿತು. 1957ರಲ್ಲಿ ವೆನಿಸ್ ನ್ಯಾಯಾಲಯ ಅವನನ್ನು ಖುಲಾಸೆ ಮಾಡಿತು. ಅಷ್ಟರಲ್ಲಿ ಅಪ್ಪನ ಕುರ್ಚಿ ಹೋಗಿತ್ತು. ಆ ಕಾಲದ ಹಗರಣ ಎಂದರೆ ಬಹುಮಟ್ಟಿಗೆ ಹಾಸಿಗೆಯ ಸುತ್ತಮುತ್ತಲಿನದು.

ಆಮೇಲೆ ಕಟ್ಟಳೆಗಳು ಒಂದೊಂದಾಗಿ ಕಳಚಿದವು. 559ನೇ ವಿಧಿಯನ್ನು 1961ರಲ್ಲಿ ಎತ್ತಿಹಿಡಿದಿದ್ದ ಸಾಂವಿಧಾನಿಕ ನ್ಯಾಯಾಲಯವೇ 1968ರಲ್ಲಿ ಅದನ್ನು ಮುರಿಯಿತು. 1970ರಲ್ಲಿ ವಿಚ್ಛೇದನ ಬಂತು. ಅದನ್ನು ಕಿತ್ತುಹಾಕಲು ಕ್ರಿಶ್ಚಿಯನ್ ಡೆಮಾಕ್ರಟರು 1974ರ ಜನಮತಗಣನೆಯಲ್ಲಿ ಟೊಂಕ ಕಟ್ಟಿ ನಿಂತರು. ಶೇಕಡಾ 59 ಮಂದಿ ವಿಚ್ಛೇದನ ಇರಲಿ ಎಂದರು. ತಪ್ಪಿ ನಡೆದ ಹೆಂಡತಿಯನ್ನೋ ಮಗಳನ್ನೋ ಸಿಟ್ಟಿನ ಭರದಲ್ಲಿ ಕೊಂದವನಿಗೆ ಮೂರರಿಂದ ಏಳು ವರ್ಷಗಳ ಅಗ್ಗದ ಶಿಕ್ಷೆ ಕೊಡುತ್ತಿದ್ದ ‘ಮಾನದ ಕೊಲೆ’ಯ ವಿಧಿ ಮಾತ್ರ 1981ರವರೆಗೂ ಪುಸ್ತಕದಲ್ಲಿತ್ತು. ನಂಬುವುದು ಕಷ್ಟ.

ಹಣದ ವಿಷಯದಲ್ಲಿ ಸಮಾಜ ಇಷ್ಟು ಬಿಗಿಯಾಗಿರಲಿಲ್ಲ. ತೈಲ ಕಂಪನಿಗಳು ಆಡಳಿತ ಪಕ್ಷಗಳಿಗೆ ದುಡ್ಡು ಸುರಿದ ಪ್ರಕರಣ 1974ರಲ್ಲಿ ಬಯಲಾದಾಗ ಸಂಸತ್ತು ಕಂಡುಕೊಂಡ ಮದ್ದು, ಪಕ್ಷಗಳಿಗೆ ಸರ್ಕಾರಿ ಖಜಾನೆಯಿಂದಲೇ ಹಣ ಕೊಡುವುದು. ಹಣವೂ ಬಂತು, ಲಂಚವೂ ನಿಲ್ಲಲಿಲ್ಲ.

1992ರ ಫೆಬ್ರವರಿ 17ರಂದು ಮಿಲಾನಿನ ಹಳೆಯ ವೃದ್ಧಾಶ್ರಮ ‘ಪಿಯೊ ಆಲ್ಬೆರ್ಗೊ ತ್ರಿವುಲ್ಜಿಯೊ’ದ ಅಧ್ಯಕ್ಷ, ಸಮಾಜವಾದಿ ಪಕ್ಷದ ಮಾರಿಯೊ ಕಿಯೇಸಾ, ಶುಚಿಗೊಳಿಸುವ ಗುತ್ತಿಗೆದಾರನೊಬ್ಬನಿಂದ 70 ಲಕ್ಷ ಲೀರಾ ಪಡೆದರು. ದರ ನಿಗದಿಯಾಗಿತ್ತು: 14 ಕೋಟಿ ಲೀರಾದ ಗುತ್ತಿಗೆಗೆ ನೂರಕ್ಕೆ ಹತ್ತು, ಇದು ಮೊದಲ ಕಂತು. ಗುತ್ತಿಗೆದಾರ ಮೊದಲೇ ದೂರು ಕೊಟ್ಟಿದ್ದ, ನೋಟುಗಳಿಗೆ ಗುರುತು ಬಿದ್ದಿತ್ತು. ಪೊಲೀಸರು ಒಳನುಗ್ಗಿದಾಗ ಕಿಯೇಸಾ ಇನ್ನೊಬ್ಬನಿಂದ ಪಡೆದಿದ್ದ ಹಣವನ್ನು ಶೌಚಾಲಯದಲ್ಲಿ ನೀರು ಹೊಯ್ದು ಸಾಗಹಾಕಲು ನೋಡಿದರು ಎನ್ನುವ ಕಥೆಯೂ ಇದೆ.

ಪಕ್ಷದ ನಾಯಕ ಬೆತ್ತೀನೊ ಕ್ರಾಕ್ಸಿ, ಇವನೊಬ್ಬ ಕಳ್ಳ ಎಂದು ಕೈತೊಳೆದುಕೊಂಡರು. ಅದು ದುಬಾರಿಯಾಯಿತು. ಕೆಲವೇ ವಾರಗಳಲ್ಲಿ ಕಿಯೇಸಾ ತನಿಖಾಧಿಕಾರಿ ಆಂತೋನಿಯೊ ದಿ ಪಿಯೆತ್ರೊ ಮುಂದೆ ಬಾಯಿಬಿಟ್ಟರು. ದಾರದ ಉಂಡೆ ಬಿಚ್ಚಿಕೊಳ್ಳತೊಡಗಿತು. ಜುಲೈ 3ರಂದು ಕ್ರಾಕ್ಸಿ ಸಂಸತ್ತಿನಲ್ಲೇ ಹೇಳಿದರು, ಎಲ್ಲ ಪಕ್ಷಗಳೂ ಅಕ್ರಮ ಹಣದಿಂದ ನಡೆಯುತ್ತಿವೆ, ಅಲ್ಲ ಎನ್ನುವವರು ಎದ್ದುನಿಂತು ಆಣೆ ಮಾಡಲಿ ಎಂದು. ಒಬ್ಬರೂ ಏಳಲಿಲ್ಲ. ಆ ಸಭೆ ತನ್ನ ಮೇಲೆ ತಾನೇ ಹೇಳಿಕೊಂಡ ಸಾಕ್ಷಿ ಅದು.

ಮರುವರ್ಷ ಏಪ್ರಿಲ್ 29ರಂದು ಸಂಸತ್ತು ಕ್ರಾಕ್ಸಿಯ ವಿರುದ್ಧದ ಹಲವು ಆರೋಪಗಳಲ್ಲಿ ಕ್ರಮಕ್ಕೆ ಅನುಮತಿ ನಿರಾಕರಿಸಿತು. ಮರುದಿನ ಸಂಜೆ ಅವರು ರೋಮಿನ ರಾಫಾಯೆಲ್ ಹೋಟೆಲಿನಿಂದ ಹೊರಬಂದಾಗ ಕಾದು ನಿಂತಿದ್ದ ಜನ ಚಿಲ್ಲರೆ ನಾಣ್ಯಗಳನ್ನು ತೂರಿದರು. ಸಾವಿರ ಲೀರಾ ನೋಟು ಬೀಸುತ್ತ, ಇದೂ ಬೇಕೇನೊ ಎಂದು ರಾಗವಾಗಿ ಹಾಡಿದರು. ಆ ಗುಂಪಿನಲ್ಲಿ ರಸೀದಿ ಇಲ್ಲದೆ ವ್ಯಾಪಾರ ಮಾಡಿದವರು, ಶಿಫಾರಸಿನಿಂದ ನೌಕರಿ ಗಿಟ್ಟಿಸಿದವರು ಇರಲಿಲ್ಲ ಎನ್ನುವುದು ಕಷ್ಟವೇ. ಕ್ರಾಕ್ಸಿ 1994ರಲ್ಲಿ ಟ್ಯುನೀಷಿಯಾದ ಹಮ್ಮಾಮೆತ್‌ಗೆ ಹೋದವರು ಮರಳಲಿಲ್ಲ. 2000ದಲ್ಲಿ ಅಲ್ಲೇ ತೀರಿಕೊಂಡರು.

ತೆರವಾದ ಜಾಗಕ್ಕೆ 1994ರಲ್ಲಿ ಬಂದವರು ಕ್ರಾಕ್ಸಿಯ ಸ್ನೇಹಿತ, ಟಿವಿ ಚಾನೆಲ್‌ಗಳ ಒಡೆಯ ಸಿಲ್ವಿಯೊ ಬೆರ್ಲುಸ್ಕೋನಿ. ಅವರ ರಾತ್ರಿಕೂಟಗಳ ಸುದ್ದಿ 2009ರ ಬಳಿಕ ಜಗತ್ತಿನ ಬಾಯಿಗೆಲ್ಲ ಎಲೆಯಡಿಕೆಯಾಯಿತು. ಅಪ್ರಾಪ್ತೆಯೊಬ್ಬಳ ಪ್ರಕರಣದಲ್ಲಿ 2013ರಲ್ಲಿ ಏಳು ವರ್ಷ ಶಿಕ್ಷೆ, ಮರುವರ್ಷ ಮೇಲ್ಮನವಿಯಲ್ಲಿ ಖುಲಾಸೆ. ಸೆನೆಟ್ ಸ್ಥಾನ ಕಳೆದದ್ದು ಮಾತ್ರ ತೆರಿಗೆ ವಂಚನೆ; ಅದರ ಶಿಕ್ಷೆಗಾಗಿ ಮಿಲಾನಿನ ಹತ್ತಿರದ ಆಶ್ರಯಧಾಮದಲ್ಲಿ ವಾರಕ್ಕೊಮ್ಮೆ ಮುದುಕರ ಸೇವೆ ಮಾಡಿದರು. ಎರಡು ವಿಚ್ಛೇದನಗಳ ಆ ಗಂಡಸಿಗೆ ಕ್ಯಾಥಲಿಕ್ ಮತದಾರರು ಅಷ್ಟೂ ಕಾಲ ಮತ ಹಾಕುತ್ತಲೇ ಬಂದರು. 2022ರಲ್ಲಿ ಅವರು ಮತ್ತೆ ಸೆನೆಟ್ ಸೇರಿದರು. ಮರುವರ್ಷ ತೀರಿಕೊಂಡಾಗ ಮಿಲಾನಿನ ದುವೋಮೊದಲ್ಲಿ ಸಕಲ ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಯಿತು. ಅಂದು ದೇಶಕ್ಕೆಲ್ಲ ಶೋಕದಿನ.