ಸಾಧನೆ ಎಂದರೆ ಯಾವುದು?

ಡಿಸೆಂಬರ್ ಕೊನೆಯ ವಾರ ಬಂತೆಂದರೆ ಪತ್ರಿಕೆಗಳಲ್ಲಿ ಸಾಧನೆಯ ಸುಗ್ಗಿ. ಸರ್ಕಾರದ ಸಾಧನೆ, ಕ್ರೀಡಾಪಟುಗಳ ಸಾಧನೆ, ಇಸ್ರೋ ಸಾಧನೆ. ಊರೂರಲ್ಲೂ ಸಾಧಕರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. 2014ರಲ್ಲಿ ಶುರುವಾದ ‘ವೀಕೆಂಡ್ ವಿತ್ ರಮೇಶ್’ ಅಂತೂ ಸಾಧಕರಿಗೆಂದೇ ಒಂದು ಸೀಟು ಹಾಕಿಸಿ, ಆ ಮಾತನ್ನು ಮನೆಮನೆಗೆ ಮುಟ್ಟಿಸಿತು. ಗೆದ್ದು ಬಂದವನು ಸಾಧಕ, ಗೆದ್ದದ್ದು ಸಾಧನೆ. ಇದರಲ್ಲಿ ಈಗ ಯಾರಿಗೂ ಅನುಮಾನ ಉಳಿದಿಲ್ಲ.

ಸಂಗೀತದ ಮೇಷ್ಟ್ರ ಮನೆಯಲ್ಲಿ ಮಾತ್ರ ಲೆಕ್ಕ ಬೇರೆ. ‘ಬೆಳಿಗ್ಗೆ ಸಾಧಕ ಆಯ್ತೇನು?’ ಎಂದು ಅವರು ಕೇಳಿದರೆ ಸಾಧಕ ಎನ್ನುವುದು ಮನುಷ್ಯನೇ ಅಲ್ಲ, ಅಭ್ಯಾಸ. ಸರಳೆ, ಜಂಟಿವರಸೆಗಳನ್ನು ಗಂಟೆಗಟ್ಟಲೆ ತಿಕ್ಕುವುದಕ್ಕೆ ಅಸುರ ಸಾಧಕ ಎಂದೇ ಹೆಸರು. ಹಿಂದೂಸ್ತಾನಿ ಕಲಿಯುವವರು ನಸುಕಿನಲ್ಲೆದ್ದು ಮಂದ್ರದ ಷಡ್ಜಕ್ಕೆ ಜೋತುಬೀಳುತ್ತಾರೆ, ಅದು ಖರಜ ಸಾಧನೆ. ಅದಕ್ಕೆ ಚಪ್ಪಾಳೆ ಬೀಳುವುದಿಲ್ಲ. ಪಕ್ಕದ ಮನೆಯ ಕಿಟಕಿ ಮುಚ್ಚಿಕೊಂಡರೂ ಮುಚ್ಚಿಕೊಂಡೀತು.

ಹಾಗೆಂದು ಪದ ಕೆಟ್ಟುಹೋಯಿತು ಎಂದು ಗೋಳಾಡುವಂತೆಯೂ ಇಲ್ಲ. ಸಂಸ್ಕೃತದ ‘ಸಾಧ್’ ಧಾತುವಿನಲ್ಲಿ ಗುರಿ ಮುಟ್ಟುವ ಅರ್ಥ ಮೊದಲಿನಿಂದಲೂ ಇದೆ. ಸಾಧ್ಯ, ಸಾಧನ, ಸಾಧು ಎಲ್ಲ ಒಂದೇ ಬಳಗ. ಆದರೆ ಪತಂಜಲಿ ಎಚ್ಚರದ ಮನುಷ್ಯ. ಯೋಗಸೂತ್ರದ ಎರಡನೆಯ ಪಾದಕ್ಕೆ ಸಾಧನಪಾದ ಎಂದು ಹೆಸರು. ದಕ್ಕುವ ಸಿದ್ಧಿಗಳ ಬೆರಗೆಲ್ಲ ಮೂರನೆಯ ವಿಭೂತಿಪಾದದಲ್ಲಿ. ಮಾಡುವುದು ಒಂದು ಕಡೆ, ಸಿಗುವುದು ಇನ್ನೊಂದು ಕಡೆ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದನ್ನು ರೇಖಾಗಣಿತದ ಪುಸ್ತಕವೇ ಕಲಿಸಿತ್ತು. ದತ್ತ, ಸಾಧನೀಯ, ರಚನೆ, ಸಾಧನೆ. ಏನನ್ನು ತೋರಿಸಬೇಕೋ ಅದು ಸಾಧನೀಯ. ಅಲ್ಲಿಗೆ ಮೆಟ್ಟಿಲು ಮೆಟ್ಟಿಲಾಗಿ, ಪ್ರತಿ ಸಾಲಿಗೂ ಕಾರಣ ಕೊಟ್ಟು ಹೋಗುವುದು ಸಾಧನೆ. ಕೊನೆಯ ಸಾಲೊಂದನ್ನೇ ಬರೆದು ಬಂದವರಿಗೆ ಅಂಕ ಇಲ್ಲ. ವರ್ಷಾಂತ್ಯದ ಪಟ್ಟಿಗಳಲ್ಲಿ ಇರುವುದು ಆ ಕೊನೆಯ ಸಾಲು ಮಾತ್ರ.

ನನಗೆ ಹೆಚ್ಚು ಕುತೂಹಲ ಇರುವುದು ‘ಸಾಧಿಸು’ ಎಂಬ ಕ್ರಿಯಾಪದದ ಸಹವಾಸದ ಬಗ್ಗೆ. ಕನ್ನಡಿಗರು ಏನೇನು ಸಾಧಿಸುತ್ತಾರೆ ನೋಡಿ: ಹಟ ಸಾಧಿಸುತ್ತಾರೆ, ಛಲ ಸಾಧಿಸುತ್ತಾರೆ, ಸೇಡು ಸಾಧಿಸುತ್ತಾರೆ, ಹಗೆ ಸಾಧಿಸುತ್ತಾರೆ. ಕೆಲಸ ಸಾಧಿಸಿಕೊಂಡು ಮೆಲ್ಲಗೆ ಜಾರಿಕೊಳ್ಳುವವನೊಬ್ಬ, ಅವನಣ್ಣ ಸಮಯಸಾಧಕ. ಪದವನ್ನು ಜನ ಸುಮ್ಮನೆ ಹೀಗೆ ಬಳಸಲಿಲ್ಲ. ಅಭ್ಯಾಸ ಗಟ್ಟಿಯಾಗಬೇಕಾದರೆ ಬಹುಕಾಲ ನಡೆಯಬೇಕು, ನಡುವೆ ಕಡಿಯಬಾರದು, ಶ್ರದ್ಧೆ ಇರಬೇಕು ಎಂದು ಪತಂಜಲಿ ಮೂರು ಷರತ್ತು ಹಾಕಿದ್ದಾನಲ್ಲ, ಬೇಲಿ ಜಗಳದಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರು ಮೂರನ್ನೂ ಚಾಚೂ ತಪ್ಪದೆ ಪಾಲಿಸುತ್ತಾರೆ! ಹತ್ತು ನಿಮಿಷ ಧ್ಯಾನಕ್ಕೆ ಕೂತರೆ ಮನಸ್ಸು ನಿಲ್ಲುವುದಿಲ್ಲ ಎನ್ನುವವರಿಗೂ, ಯಾರದೋ ಮದುವೆಯಲ್ಲಿ ಯಾರೋ ಆಡಿದ ಚುಚ್ಚುಮಾತನ್ನು ಇಪ್ಪತ್ತು ವರ್ಷ ಕೆಡದಂತೆ ಕಾಯ್ದಿಡುವ ಏಕಾಗ್ರತೆ ಇದೆ. ಏಕಾಗ್ರತೆಯ ಬರ ನಮಗಿಲ್ಲ.

ಆದ್ದರಿಂದ ವರ್ಷದ ಕೊನೆಗೆ ‘ಏನು ಸಾಧಿಸಿದೆ?’ ಎಂದು ಕೇಳಿಕೊಳ್ಳುವಾಗ ಕ್ರಿಯಾಪದಕ್ಕೊಂದು ಕರ್ಮಪದವನ್ನೂ ಸೇರಿಸಿ ಕೇಳುವುದು ಒಳ್ಳೆಯದು. ಉತ್ತರ ಪತ್ರಿಕೆಯವರ ಪಟ್ಟಿಯಷ್ಟು ಚೆಂದ ಇರಲಿಕ್ಕಿಲ್ಲ. ಹೊಸ ವರ್ಷಕ್ಕೆ ‘ಆಧ್ಯಾತ್ಮಿಕ ಸಾಧನೆ’ಯ ಸಂಕಲ್ಪ ಮಾಡುವವರು ದಿನಾ ಜಪ, ದಿನಾ ಧ್ಯಾನ ಎಂದು ಕೂಡಿಸುತ್ತ ಹೋಗುತ್ತಾರೆ. ಮೊಬೈಲಿನ ಧ್ಯಾನದ ಆ್ಯಪ್ ಕೂತ ದಿನಗಳನ್ನು ಎಣಿಸಿ ಬೆನ್ನು ತಟ್ಟುತ್ತದೆ. ಅಲ್ಲೂ ಒಂದು ಪುಟ್ಟ ಸಾಧಕರ ಸೀಟು. ಕೂಡಿಸುವುದಕ್ಕಿಂತ ಕಳೆಯುವುದು ಕಷ್ಟ, ಬೆಳೆಯುವುದಿದ್ದರೆ ಅಲ್ಲೇ ಎಂದು ನನಗನ್ನಿಸುತ್ತದೆ. ಬಹುಕಾಲದಿಂದ ನಿಷ್ಠೆಯಿಂದ ನಡೆಸಿಕೊಂಡು ಬಂದ ಒಂದು ಹಗೆಯ ಸಾಧನೆಯನ್ನು ಅರ್ಧಕ್ಕೇ ಕೈಬಿಡುವುದು. ಸೋತೆ ಎಂದು ಅವರು ಅಂದುಕೊಂಡರೆ ಅಂದುಕೊಳ್ಳಲಿ ಎಂದು ಬಿಡುವುದು. ಇದಕ್ಕೆ ಶಾಲು ಹೊದಿಸುವವರಿಲ್ಲ.

ನಮ್ಮ ಕಡೆ ಇದಕ್ಕೊಂದು ಅನುಕೂಲವೂ ಇದೆ. ಜನವರಿ ಒಂದರ ಸಂಕಲ್ಪ ಸುಸ್ತಾಗುವ ಹೊತ್ತಿಗೆ ಸರಿಯಾಗಿ ಸಂಕ್ರಾಂತಿ ಬರುತ್ತದೆ. ಎಳ್ಳು ಬೀರಲು ಯಾರ ಮನೆ ಮೆಟ್ಟಿಲು ಹತ್ತಿದರೂ, ಯಾಕೆ ಬಂದಿರಿ ಎಂದು ಕೇಳುವ ಪದ್ಧತಿ ಇಲ್ಲ.